ಓದಿ ಹೇಳುವ ದನಿಯ ಬೆಲೆ

ನನ್ನ ಕಣ್ಣು ಒಂದೇ ದಿನ ಹೋದದ್ದಲ್ಲ. ಚಿಂತಾಮಣಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳಲು ಸೇರಿದ ಮೊದಲ ಆರೇಳು ವರ್ಷ ಮಬ್ಬುಗತ್ತಲಲ್ಲಿ ಮಾತ್ರ ತೊಂದರೆಯಾಗುತ್ತಿತ್ತು. ಆಮೇಲೆ ಪಕ್ಕದಿಂದ ಬರುವವರು ಕಾಣದಾದರು. ಕೊನೆಗೆ ಪುಸ್ತಕದ ಅಕ್ಷರವೂ ಹೋಯಿತು. ಬೆಂಗಳೂರಿನ ಕಣ್ಣಾಸ್ಪತ್ರೆಯಲ್ಲಿ ಇದಕ್ಕೆ ಔಷಧಿಯಿಲ್ಲ, ಇನ್ನು ಬಂದು ಹೋಗುವ ಖರ್ಚು ಮಾಡಿಕೊಳ್ಳಬೇಡಿ ಎಂದು ಹೇಳಿ ಕಳಿಸಿದಾಗ ನನಗೆ ಮೂವತ್ತಾರು ವರ್ಷ.

ಪಾಠ ಮಾಡುವುದು ಕಷ್ಟವಾಗಲಿಲ್ಲ. ಹತ್ತು ವರ್ಷ ಅದೇ ಪದ್ಯ, ಅದೇ ನಾಟಕ ಹೇಳಿದವಳಿಗೆ ಬಹುಪಾಲು ಬಾಯಿಪಾಠವಾಗಿತ್ತು. ಹೊಸ ಪಠ್ಯ ಬಂದರೆ ನನ್ನ ಗಂಡ ಓದಿ ಹೇಳುತ್ತಿದ್ದರು. ಅವರು ಸಾದಲಿಯ ಕಡೆ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಸಂಜೆ ಕೈಕಾಲು ತೊಳೆದುಕೊಂಡು ಕೂತು ಒಂದು ಗಂಟೆ ಓದುತ್ತಿದ್ದರು. ಪದ್ಯವನ್ನೂ ಪ್ರಮೇಯದ ಹಾಗೆ ಓದುವ ಮನುಷ್ಯ. ಪ್ರತಿ ಸಾಲಿನ ಕೊನೆಗೆ ನಿಲ್ಲಿಸಿ “ಆಯ್ತಾ?” ಎಂದು ಕೇಳಿ ಮುಂದಕ್ಕೆ ಹೋಗುತ್ತಿದ್ದರು.

ತೊಡಕಾದದ್ದು ಪ್ರಶ್ನೆಪತ್ರಿಕೆಯಲ್ಲಿ. ಅದನ್ನು ಉಪನ್ಯಾಸಕರು ಸ್ವಂತ ಕೈಯಲ್ಲಿ ಬರೆದು, ಲಕೋಟೆಗೆ ಹಾಕಿ ಅಂಟಿಸಿ ಕೊಡಬೇಕಿತ್ತು. ನಾನು ಬಾಯಲ್ಲಿ ಹೇಳಿ ಗಂಡನ ಕೈಯಲ್ಲಿ ಬರೆಸಿದ್ದು ಪ್ರಿನ್ಸಿಪಾಲರಿಗೆ ಗೊತ್ತಾಯಿತು. ಅವರು ಒಳ್ಳೆಯ ದನಿಯಲ್ಲೇ ಹೇಳಿದರು, ನಾಳೆ ಯಾರಾದರೂ ಪತ್ರಿಕೆ ಸೋರಿತು ಎಂದರೆ ಇಬ್ಬರಿಗೂ ಕಷ್ಟ ಎಂದು. ಆ ವರ್ಷದಿಂದ ಪ್ರಶ್ನೆಪತ್ರಿಕೆ ನನಗಿಂತ ಎಂಟು ವರ್ಷ ಕಿರಿಯರೊಬ್ಬರ ಪಾಲಾಯಿತು. ಮುಂದಿನ ವರ್ಷ ಉತ್ತರಪತ್ರಿಕೆಗಳೂ ಹೋದವು. ಅದರ ಮುಂದಿನ ವರ್ಷ ನನ್ನ ಪೀರಿಯಡ್ಡುಗಳು ಕಡಿಮೆಯಾದವು. ಯಾರೂ ಕೆಟ್ಟ ಮಾತಾಡಲಿಲ್ಲ. ಸ್ಟಾಫ್ ರೂಮಿನಲ್ಲಿ ಕಾಫಿ ತಂದು ಕೈಗೇ ಕೊಡುತ್ತಿದ್ದರು. ನನ್ನನ್ನು ಸುಮ್ಮನೆ ಕೂರಿಸುತ್ತಿದ್ದಾರೆ ಎಂದು ತಿಳಿಯಲು ಅಷ್ಟು ಸಾಕಾಗಿತ್ತು.

ಕಂಪ್ಯೂಟರಿನ ಪರದೆಯ ಮೇಲೆ ಇರುವುದನ್ನೆಲ್ಲ ಓದಿ ಹೇಳುವ ಸಾಫ್ಟ್‌ವೇರ್ ಇದೆ ಎಂದು ಕಣ್ಣಾಸ್ಪತ್ರೆಯ ಒಬ್ಬ ಹೆಣ್ಣುಮಗಳು ಹೇಳಿ ಒಂದು ಫೋನ್ ನಂಬರು ಕೊಟ್ಟಿದ್ದಳು. ಎರಡು ಸಾವಿರದ ನಾಲ್ಕನೇ ಇಸವಿಯ ಸುಮಾರಿನ ಮಾತು ಇದು. ಆ ನಂಬರಿನಲ್ಲಿ ಮಾತಾಡಿದವರು ಆ ಸಾಫ್ಟ್‌ವೇರನ್ನು ಮಾರುವ ಡೀಲರ್. ಬೆಲೆ ಕೇಳಿದೆ. ಮೊದಲು ಕೇಳಿ ನೋಡಿ ಮೇಡಂ, ಆಮೇಲೆ ಬೆಲೆ ಮಾತಾಡಣ, ನಾನೇ ಬರ್ತೀನಿ ಎಂದರು.

ಬಂದದ್ದು ಒಂದು ಭಾನುವಾರ. ಅವರನ್ನು ಕರೆತರಲು ನಾವಿಬ್ಬರೂ ಚಿಂತಾಮಣಿಯ ಬಸ್ ಸ್ಟ್ಯಾಂಡಿಗೆ ಹೋದೆವು. ಅವರೂ ಕಣ್ಣು ಕಾಣದವರು, ಹುಟ್ಟಿನಿಂದಲೇ ಎಂಬುದು ನಮಗೆ ಆಗಲೇ ಗೊತ್ತಾದದ್ದು. ನನ್ನ ಗಂಡ ಬಸ್ಸಿಂದ ಇಳಿಯುವವರನ್ನು ಹುಡುಕುತ್ತಿದ್ದರೆ, ಅವರು ಆಗಲೇ ಇಳಿದು, ಕಂಡಕ್ಟರನ್ನು ಕೇಳಿ ಟೀ ಅಂಗಡಿಗೆ ಹೋಗಿ, ಅರ್ಧ ಟೀ ಕುಡಿದಿದ್ದರು. ಮಡಚುವ ಕೋಲು, ಬೆನ್ನಿಗೊಂದು ಬ್ಯಾಗು. ವಯಸ್ಸು ನನ್ನಷ್ಟೇ ಇರಬಹುದು.

ನಮ್ಮ ಮನೆಯ ಕಂಪ್ಯೂಟರು ಚಿಕ್ಕಬಳ್ಳಾಪುರದಲ್ಲಿ ಬಿಡಿಭಾಗ ಜೋಡಿಸಿ ಮಾಡಿಸಿದ್ದು. ಅವರು ಸಿ.ಡಿ. ಹಾಕಿದರು, ಏನೇನೋ ಒತ್ತಿದರು. ಸ್ಪೀಕರಿನಿಂದ ಮೂಗಿನಲ್ಲಿ ಮಾತಾಡುವ ವಿದೇಶಿ ಗಂಡಸಿನ ದನಿಯೊಂದು ಬಂತು. ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಬೆರಳುಗಳನ್ನು ಕೀಲಿಮಣೆಯ ಮೇಲಿಟ್ಟು, ಏನಾದರೂ ಬರೀರಿ ಎಂದರು. ಟೈಪಿಂಗ್ ನಾನು ಪಿಯುಸಿ ರಜದಲ್ಲಿ ಕಲಿತಿದ್ದೆ. ಇಂಗ್ಲಿಷಿನಲ್ಲಿ ನಮ್ಮ ಮನೆಯ ವಿಳಾಸ ಬರೆದೆ. ದನಿ ಅದನ್ನು ಓದಿತು. ಒಂದು ಪದ ವಿಚಿತ್ರವಾಗಿ ಕೇಳಿಸಿತು. ಅಕ್ಷರ ಅಕ್ಷರ ಓದಿಸಿ ನೋಡಿದೆ, ಒಂದು ಅಕ್ಷರ ಬಿಟ್ಟುಹೋಗಿತ್ತು. ಸೇರಿಸಿದೆ. ಎರಡು ವರ್ಷದ ನಂತರ ನನ್ನ ತಪ್ಪನ್ನು ನಾನೇ ಕಂಡುಹಿಡಿದು ತಿದ್ದಿದ್ದೆ. ಅಳು ಬಂತು. ಡೀಲರ್ ಅದು ಗೊತ್ತಾಗದವರ ಹಾಗೆ ಸ್ಪೀಕರಿನ ವೈರು ಸರಿಮಾಡುತ್ತಾ ಕೂತರು.

ಮುದ್ದೆ, ಸೊಪ್ಪಿನ ಸಾರು ಉಂಡು ಸಂಜೆಯವರೆಗೂ ಕಲಿಸಿದರು. ಹೊರಡುವ ಮುಂಚೆ ಬೆಲೆ ಹೇಳಿದರು. ಆ ಕಂಪ್ಯೂಟರಿಗೆ ಕೊಟ್ಟದ್ದರ ಎರಡರಷ್ಟಕ್ಕಿಂತ ಹೆಚ್ಚು. ನನ್ನ ಗಂಡ ನೀರು ತರುತ್ತೇನೆಂದು ಒಳಗೆ ಹೋದವರು ತುಂಬ ಹೊತ್ತು ಬರಲಿಲ್ಲ. ಸಿ.ಡಿ. ಒಂದಕ್ಕೆ ಅಷ್ಟು ಯಾಕೆ ಎಂದು ನಾನು ಕೇಳಿದೆ.

“ಫಾರಿನ್ನಲ್ಲಿ ಇದನ್ನ ಕಣ್ಣು ಕಾಣದೋರು ಕೊಳ್ಳಲ್ಲ ಮೇಡಂ,” ಎಂದರು. “ಅವ್ರ ಆಫೀಸು ಕೊಳ್ಳತ್ತೆ, ಇಲ್ಲ ಸರ್ಕಾರ ಕೊಡ್ಸತ್ತೆ. ಅವ್ರ ಕೈಗೆ ತಕ್ಕ ರೇಟು ಇಟ್ಟವ್ರೆ. ಇಲ್ಲಿ ನಾವು ನಮ್ಮ ಜೇಬಿಂದ ಕೊಳ್ಬೇಕು. ನನ್ನ ಕೈಲಿ ಕಡಿಮೆ ಮಾಡಕ್ಕಾಗಲ್ಲ, ನನಗೂ ಅನ್ನ ಅದ್ರಲ್ಲೇ.”

ಸದ್ಯಕ್ಕೆ ಡೆಮೋ ಇಟ್ಟಿರುತ್ತೇನೆ ಎಂದರು. ಅದು ಕಂಪನಿಯೇ ಪುಕ್ಕಟೆ ಕೊಡುವಂಥದ್ದು. ನಲವತ್ತು ನಿಮಿಷ ಮಾತಾಡಿ ನಿಂತುಬಿಡುತ್ತದೆ. ಕಂಪ್ಯೂಟರ್ ಆರಿಸಿ ಹೊತ್ತಿಸಿದರೆ ಮತ್ತೆ ನಲವತ್ತು ನಿಮಿಷ.

ಹತ್ತು ಹನ್ನೊಂದು ತಿಂಗಳು ನಾನು ಹಾಗೆ ಬದುಕಿದೆ. ವಾಕ್ಯದ ಅರ್ಧದಲ್ಲಿ, ಕೆಲವು ಸಲ ಪದದ ಅರ್ಧದಲ್ಲಿ ದನಿ ನಿಲ್ಲುತ್ತಿತ್ತು. ಮನೆಯಲ್ಲಿ ಯಾರೂ ಇರುತ್ತಿರಲಿಲ್ಲವಾದ್ದರಿಂದ ಯಾವ ಕೀಲಿಯನ್ನು ಎಷ್ಟು ಸಲ ಒತ್ತಿದರೆ ಬರೆದದ್ದು ಉಳಿಯುತ್ತದೆ, ಯಾವುದನ್ನು ಒತ್ತಿದರೆ ಯಂತ್ರ ಆರುತ್ತದೆ ಎಂಬುದನ್ನು ನೆನಪಿಟ್ಟುಕೊಂಡು, ಕತ್ತಲಲ್ಲಿ ಮೆಟ್ಟಿಲಿಳಿಯುವ ಹಾಗೆ ಒತ್ತುತ್ತಿದ್ದೆ. ಮತ್ತೆ ಹೊತ್ತಿಕೊಳ್ಳುವುದಕ್ಕೆ ಐದು ನಿಮಿಷ. ಅಷ್ಟರಲ್ಲಿ ಕುಕ್ಕರ್ ಇಟ್ಟು ಬರುತ್ತಿದ್ದೆ. ಇದರ ನಡುವೆ ಕರೆಂಟೂ ಹೋಗುತ್ತಿತ್ತು. ಕಾಲೇಜಿನ ಆಡಳಿತ ಮಂಡಳಿಗೆ ಅರ್ಜಿ ಕೊಟ್ಟೆ. ಒಬ್ಬರಿಗೆ ಕೊಡಿಸಿದರೆ ಎಲ್ಲರೂ ಏನಾದರೊಂದು ಕೇಳುತ್ತಾರೆ ಎಂದರು. ಎಲ್ಲರೂ ಏನನ್ನು ಕೇಳುತ್ತಾರೋ ನನಗೆ ತಿಳಿಯಲಿಲ್ಲ.

ಕೊನೆಗೆ ಕಂಪನಿಗೇ ಬರೆದೆ. ಒಳ್ಳೆಯ ಇಂಗ್ಲಿಷಿನಲ್ಲಿ, ಎರಡು ಡೆಮೋ ಅವಧಿಯಲ್ಲಿ ಬರೆದ ಪತ್ರ. ನನ್ನ ಸಂಬಳ ಇಷ್ಟು, ನಿಮ್ಮ ಬೆಲೆ ಇಷ್ಟು, ಇಂಥ ಕಡೆಯವರಿಗೆ ಬೇರೆ ಬೆಲೆ ಇಡಬಹುದಲ್ಲವೇ ಎಂದು. ವಾರದೊಳಗೆ ವಿನಯದ ಉತ್ತರ ಬಂತು. ಬೆಲೆ ಎಲ್ಲರಿಗೂ ಒಂದೇ. ಜೊತೆಗೆ ಇನ್ನೊಂದು ಸಾಲಿತ್ತು. ಡೆಮೋ ಇರುವುದು ಪರೀಕ್ಷಿಸಿ ನೋಡುವುದಕ್ಕೆ ಮಾತ್ರ, ದಿನನಿತ್ಯದ ಕೆಲಸಕ್ಕೆ ಬಳಸುವುದು ನಿಯಮಕ್ಕೆ ವಿರುದ್ಧ ಎಂದು. ನಾನು ಅಷ್ಟು ದಿನ ಪ್ರಾಮಾಣಿಕಳಾಗಿದ್ದೇನೆ ಎಂದುಕೊಂಡಿದ್ದೆ. ಆ ಸಾಲನ್ನು ಮೂರು ಸಲ ಓದಿಸಿ ಕೇಳಿದೆ. ಡೀಲರ್ ಫೋನ್ ಮಾಡಿ, ನಿಮ್ಮ ಪತ್ರ ನನಗೂ ಕಳಿಸಿದ್ದಾರೆ, ಇರಲಿ, ನಾನೂ ಬರೀತೀನಿ ಎಂದರು.

ಆ ಹೊತ್ತಿಗೆ ಬಸ್ ಪಾಸಿನ ಸಲುವಾಗಿ ಚಿಕ್ಕಬಳ್ಳಾಪುರದಲ್ಲಿ ಅಂಗವಿಕಲರಿಗೆ ಒಂದು ಶಿಬಿರ ನಡೆಯಿತು. ನಾವಿನ್ನೂ ಕೋಲಾರ ಜಿಲ್ಲೆಯವರು ಆಗ. ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿ ಕೂತವರು ಗೌರಿಬಿದನೂರಿನ ಒಂದು ಕಾರ್ಖಾನೆಯ ಟೆಲಿಫೋನ್ ಆಪರೇಟರ್. ಅವರಿಗೂ ಕಣ್ಣಿಲ್ಲ. ತೆಲುಗು ಬೆರೆಸಿ ಮಾತಾಡುವ, ನಗುತ್ತಲೇ ಇರುವ ಮನುಷ್ಯ. ಮಾತಿಗೆ ಮಾತು ಬಂದು ನಾನು ನಲವತ್ತು ನಿಮಿಷದ ವಿಷಯ ಹೇಳಿದೆ.

“ಇನ್ನೂ ಡೆಮೋದಲ್ಲೇ ಇದೀರಾ?” ಎಂದು ನಕ್ಕರು. “ನಮ್ಮೋರೆಲ್ಲಾ ಕಾಪಿ ಮಾಡಿದ ಫುಲ್ಲೇ ಹಾಕ್ಕೊಂಡಿರೋದು. ಅಡ್ರೆಸ್ ಕೊಡಿ, ಕಳಿಸ್ತೀನಿ. ಪರ್ವಾಲೇದು ಮೇಡಂ, ಯಾರೂ ಬಂದು ಕೇಳಲ್ಲ.”

ಹದಿನೈದು ದಿನಕ್ಕೆ ಸಿ.ಡಿ. ಬಂತು. ಅಂಧರ ಓದಿನ ಸಾಮಗ್ರಿಗೆ ಅಂಚೆಯಲ್ಲಿ ಸ್ಟ್ಯಾಂಪು ಬೇಕಿಲ್ಲ. ಲಕೋಟೆಯ ಮೇಲೆ ಹಾಗೆಂದು ಬರೆದು ಅದನ್ನೂ ಪುಕ್ಕಟೆಯಾಗಿಯೇ ಕಳಿಸಿದ್ದರು.

ಅದು ಮೂರು ದಿನ ಟೇಬಲ್ಲಿನ ಮೇಲೆ ಹಾಗೇ ಇತ್ತು. ಆ ವರ್ಷ ನನ್ನ ಗಂಡ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೊಠಡಿಯಲ್ಲಿ ಚೀಟಿ ಇಟ್ಟುಕೊಂಡಿದ್ದ ಒಬ್ಬನನ್ನು ಎಬ್ಬಿಸಿ ಕಳಿಸಿ, ಅದಕ್ಕೆ ಊರಿನವರ ಜೊತೆ ಜಗಳವಾಡಿ ಬಂದಿದ್ದರು. ನಾನು ಅವರಾಗಿ ಏನಾದರೂ ಹೇಳಲಿ ಎಂದು ಕಾದೆ. ಹಾಕೋಣ ಎಂದರೆ ಸರಿ, ಬೇಡ ಎಂದರೂ ಸರಿ, ತೀರ್ಮಾನ ನನ್ನದಾಗಬಾರದು ಎಂದಿತ್ತು ನನಗೆ. ಅದು ಅವರಿಗೆ ಗೊತ್ತಾಯಿತು.

“ನೀನೇ ಹೇಳು,” ಎಂದರು. “ಹಾಕು ಅಂದ್ರೆ ಈಗ್ಲೇ ಹಾಕ್ತೀನಿ. ಆದ್ರೆ ನನ್ನ ತಲೆ ಮೇಲೆ ಬಿಡ್ಬೇಡ.”

“ಹಾಕಿ,” ಎಂದೆ.

ಮೊದಲ ದಿನ ನಲವತ್ತನೇ ನಿಮಿಷಕ್ಕೆ ಮೈ ಬಿಗಿಹಿಡಿದು ಕೂತಿದ್ದೆ. ದನಿ ನಿಲ್ಲಲಿಲ್ಲ. ಒಂದು ಗಂಟೆಯಾಯಿತು, ಎರಡಾಯಿತು. ಒಂದು ಕಾದಂಬರಿಯ ಇಪ್ಪತ್ತು ಪುಟವನ್ನು ಯಾರ ಹಂಗೂ ಇಲ್ಲದೆ ಓದಿದೆ. ಸುಳ್ಳು ಹೇಳುವುದಿಲ್ಲ, ಆ ದಿನ ನನಗೆ ತಪ್ಪು ಮಾಡಿದೆ ಎನ್ನಿಸಲಿಲ್ಲ. ಸಂತೋಷವಾಗಿತ್ತು, ಅಷ್ಟೇ. ಎರಡನೇ ಸೆಮಿಸ್ಟರಿಗೆ ಪ್ರಿನ್ಸಿಪಾಲರ ಎದುರಿಗೇ ಕೂತು ಟೈಪ್ ಮಾಡಿ ತೋರಿಸಿದೆ. ಪ್ರಶ್ನೆಪತ್ರಿಕೆ ನನಗೆ ವಾಪಸ್ಸು ಬಂತು. ಪೀರಿಯಡ್ಡುಗಳೂ ನಿಧಾನವಾಗಿ ಬಂದವು.

ಡೀಲರ್ ಮೂರು ನಾಲ್ಕು ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದರು. ವ್ಯಾಪಾರಕ್ಕೆ ಎಂದು ಅನ್ನಿಸುತ್ತಿರಲಿಲ್ಲ, ಕೆಲಸ ಹೇಗೆ ನಡೆದಿದೆ ಎಂದು ವಿಚಾರಿಸುವುದೇ ಹೆಚ್ಚು. ಮೊದಲ ಸಲ “ಇನ್ನೂ ಡೆಮೋನೇನಾ ಮೇಡಂ?” ಎಂದಾಗ ಹೂಂ ಎಂದುಬಿಟ್ಟೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು. ಎರಡನೇ ಸಲ ಬೇರೆ ಏನನ್ನೂ ಹೇಳುವ ಹಾಗಿರಲಿಲ್ಲ. ಒಮ್ಮೆ ಕಂತಿನಲ್ಲಿ ಕೊಡಿ ಎಂದರು. ಇನ್ನೊಮ್ಮೆ ತಮ್ಮ ಪಾಲಿನ ಕಮಿಷನ್ ಬಿಡುತ್ತೇನೆ ಎಂದರು. ಬೇಡ, ಹೀಗೇ ಅಭ್ಯಾಸವಾಗಿದೆ ಎಂದೆ. ಆ ಸಿ.ಡಿ.ಗಿಂತ ಈ ಹೂಂ ಎನ್ನುವುದು ನನಗೆ ಹೆಚ್ಚು ಕಷ್ಟವಾಯಿತು. ಕೆಲಸದಲ್ಲಿ ಏನಾದರೂ ತೊಡಕು ಬಂದರೆ ಅವರನ್ನು ಕೇಳುವಂತೆಯೂ ಇರಲಿಲ್ಲ. ಎಲ್ಲಿ ಸಿಕ್ಕಿಬೀಳುತ್ತೇನೋ ಎಂದು ಅರ್ಧ ಕೇಳಿ ಅರ್ಧ ಬಿಡುತ್ತಿದ್ದೆ.

ಎರಡು ವರ್ಷ ಹೀಗೆ ಹೋಯಿತು. ಒಂದು ಶನಿವಾರ ಮಧ್ಯಾಹ್ನ ಅವರ ಫೋನ್ ಬಂತು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಘಟಕ ನಡೆಸಿದ್ದ, ಸಕ್ಕರೆ ಕಾಯಿಲೆಯಿಂದ ಕಣ್ಣು ಕಳೆದುಕೊಂಡ ಹಿರಿಯರೊಬ್ಬರಿಗೆ ತೋರಿಸಲು ಬಂದಿದ್ದರಂತೆ. ಅಲ್ಲಿಂದ ಬಸ್ಸು ಹತ್ತಿ ಚಿಂತಾಮಣಿಗೆ ಬಂದಿದ್ದೇನೆ, ಆಟೋ ಹಿಡಿದು ಬರ್ತೀನಿ, ಒಂದು ವಿಷಯ ಹೇಳಬೇಕು ಎಂದರು. ಗಂಡ ಇನ್ನೂ ಸ್ಕೂಲಿಂದ ಬಂದಿರಲಿಲ್ಲ. ಮನೆಯಲ್ಲಿಲ್ಲ ಎನ್ನೋಣವೆಂದರೆ ಮನೆಯ ಫೋನನ್ನೇ ಎತ್ತಿದ್ದೆ.

ಬಂದರು, ನೀರು ಕುಡಿದರು. ಕಂಪ್ಯೂಟರಿನ ಮಾತು ಬರದಿರಲಿ ಎಂದು ನಾನು ದ್ರಾಕ್ಷಿ ಬೆಳೆ, ಮಳೆ, ಬಸ್ಸು ಎಂದೆಲ್ಲ ಮಾತಾಡಿದೆ. ಅವರೇ, ಹೋದ ಸಲ ಫೋನಿನಲ್ಲಿ ಕೋಷ್ಟಕ ಓದಕ್ಕಾಗಲ್ಲ ಅಂದಿದ್ರಲ್ಲ, ಈಗಲೇ ತೋರಿಸಿಕೊಟ್ಟುಬಿಡ್ತೀನಿ ಎಂದು ಎದ್ದು, ಮೂರು ವರ್ಷದ ಹಿಂದಿನ ನೆನಪಿನಲ್ಲೇ ಸರಿಯಾಗಿ ಆ ಕುರ್ಚಿಯ ಹತ್ತಿರ ಹೋದರು. ಯಂತ್ರ ಹೊತ್ತಿಕೊಂಡಿತು. ಡೆಮೋ ಆದರೆ ಮೊದಲು ತಾನು ಡೆಮೋ ಎಂದು ಹೇಳುತ್ತದೆ. ಇದು ಹೇಳಲಿಲ್ಲ. ಅವರ ಕೈ ಒಂದು ಕ್ಷಣ ನಿಂತಿತು. ಆಮೇಲೆ ಯಾವುದೋ ಎರಡು ಕೀಲಿ ಒತ್ತಿದರು. ಆ ಮೂಗಿನ ದನಿ ಪರವಾನಗಿಯ ಸಂಖ್ಯೆಯನ್ನೂ, ಅದು ಯಾರ ಹೆಸರಿನಲ್ಲಿದೆ ಎಂಬುದನ್ನೂ ಓದಿತು. ಯಾವುದೋ ದೂರದ ದೇಶದ ಒಂದು ಗ್ರಂಥಾಲಯದ ಹೆಸರು.

“ಈ ನಂಬರು ನನಗೆ ಬಾಯಿಪಾಠ ಮೇಡಂ,” ಎಂದರು. “ಕರ್ನಾಟಕದಲ್ಲಿ ಅರ್ಧ ಜನ ಇದೇ ಲೈಬ್ರರಿಯೋರು.”

ನಾನು ತಪ್ಪಾಯ್ತು ಎಂದೆ. ಇನ್ನೇನು ಹೇಳಿದೆನೋ ನೆನಪಿಲ್ಲ. ಅವರು ಕುರ್ಚಿ ತಿರುಗಿಸಿಕೊಂಡು ನನ್ನ ದನಿಯ ಕಡೆ ಮುಖ ಮಾಡಿದರು.

“ಹಾಕ್ಕೊಂಡಿದ್ದಕ್ಕೆ ನಾನೇನೂ ಅನ್ನಲ್ಲ. ಆ ರೇಟಿಗೆ ನಾನೂ ಕೊಳ್ತಿರ್ಲಿಲ್ಲ, ನಂದು ಕಂಪ್ನಿ ಕೊಟ್ಟಿದ್ದು. ಆದ್ರೆ ಕೇಳ್ದಾಗೆಲ್ಲ ಡೆಮೋ ಅಂದ್ರಲ್ಲ. ನಿಮ್ಮ ಹೆಸರಲ್ಲಿ ನಾನು ಮೂರು ಸಲ ಬರ್ದಿದೀನಿ ಅವ್ರಿಗೆ. ಚಿಂತಾಮಣಿ ಅಂತ ಒಂದು ಊರು, ಅಲ್ಲೊಬ್ರು ಲೆಕ್ಚರರು ನಲವತ್ತು ನಿಮಿಷಕ್ಕೊಂದ್ಸಲ ಆಫ್ ಮಾಡಿ ಆನ್ ಮಾಡ್ಕೊಂಡು ಪಾಠ ಬರೀತವ್ರೆ ಅಂತ. ಹೋದ ವಾರ ಉತ್ತರ ಬಂತು. ನಿಮಗೆ ಅರ್ಧ ಬೆಲೆಗೆ ಕೊಡಕ್ಕೆ ಒಪ್ಪವ್ರೆ. ಅದನ್ನ ಹೇಳಣ ಅಂತಾನೇ ಬಂದೆ.”

ನನ್ನ ಜೀವನದಲ್ಲಿ ಅಷ್ಟು ನಾಚಿಕೆಯಾದದ್ದು ಇನ್ನೊಮ್ಮೆ ಇಲ್ಲ. ನಿಜ ಬರೆದುಬಿಡಿ ಅವರಿಗೆ ಎಂದೆ. ಬರೆದರೆ ನಿಮಗೇನೂ ಆಗಲ್ಲ, ಆದರೆ ಇನ್ನು ಮೇಲೆ ಇಲ್ಲಿಂದ ಯಾರ ಕಷ್ಟ ಬರೆದರೂ ಅವರು ನಂಬಲ್ಲ ಎಂದರು. ಶಿಡ್ಲಘಟ್ಟದ ಆ ಹಿರಿಯರಿಗೂ ಇದೇ ರೀತಿ ಕೇಳಬೇಕು ಎಂದುಕೊಂಡಿದ್ದರಂತೆ.

ಆಮೇಲೆ ಅವರು ಯಂತ್ರದ ಕಡೆ ತಿರುಗಿ, ಕೋಷ್ಟಕ ಓದುವುದು ಹೇಗೆ ಎಂದು ತೋರಿಸಿಕೊಟ್ಟರು. ಸಾಲು ಸಾಲಾಗಿ ಹೋಗುವುದಕ್ಕೆ ಒಂದು, ಮೇಲಿನಿಂದ ಕೆಳಕ್ಕೆ ಇಳಿಯುವುದಕ್ಕೆ ಒಂದು. ಎರಡು ವರ್ಷದಿಂದ ನಾನು ಹತ್ತು ಸಲ ಒತ್ತುತ್ತಿದ್ದ ಜಾಗದಲ್ಲಿ ಒಂದು ಸಲ ಒತ್ತಿದರೆ ಸಾಕಿತ್ತು. ಕಾಪಿ ಹಾಕಿಕೊಂಡವರು ಯಾರೂ ತಮಗೆ ಫೋನ್ ಮಾಡುವುದಿಲ್ಲ, ಹಾಗಾಗಿ ಎಲ್ಲರೂ ಅರ್ಧಂಬರ್ಧ ಕಲಿತು ಕೂತಿದ್ದಾರೆ ಎಂದರು. ಬೇಜಾರಿನ ದನಿಯೇನೂ ಇರಲಿಲ್ಲ. ಊಟಕ್ಕೆ ನಿಲ್ಲಿ ಎಂದೆ. ಬಸ್ಸಿಗೆ ಹೊತ್ತಾಯಿತು ಎಂದು ಹೊರಟರು.

ಸಂಜೆ ಗಂಡನಿಗೆ ಹೇಳಿದೆ. ಅವರು ಶರ್ಟು ತೆಗೆದು ಮೊಳೆಗೆ ಹಾಕುತ್ತಾ ಕೇಳಿಸಿಕೊಂಡರು. ಅರ್ಧ ಬೆಲೆಯೂ ಕಂಪ್ಯೂಟರಿಗಿಂತ ಹೆಚ್ಚೇ. ಈಗ ಕೊಂಡರೆ ಯಂತ್ರದಲ್ಲಿ ಹೊಸದಾಗಿ ಏನೂ ಬರುವುದಿಲ್ಲ, ಅದೇ ದನಿ, ಅದೇ ಕೆಲಸ. ಆದರೂ ಕೊಳ್ಳೋಣ ಎಂದು ಇಬ್ಬರೂ ಒಪ್ಪಿದೆವು. ಕಾಲೇಜಿನ ಸಹಕಾರ ಸಂಘದಲ್ಲಿ ಸಾಲ ತೆಗೆದೆ. ಡೀಲರ್ ಪೆಟ್ಟಿಗೆಯನ್ನು ತಾವೇ ತಂದು, ಹಳೆಯದನ್ನು ತೆಗೆದು ಇದನ್ನು ಹಾಕಿ, ನನ್ನ ಹೆಸರನ್ನು ಒಮ್ಮೆ ಓದಿಸಿ ಕೇಳಿಸಿದರು. ವಿದೇಶಿ ಬಾಯಲ್ಲಿ ನನ್ನ ಹೆಸರು ಗುರುತೇ ಸಿಗದ ಹಾಗಿತ್ತು. ಆಮೇಲೆ ತೊಡಕು ಬಂದಾಗೆಲ್ಲ ಧೈರ್ಯವಾಗಿ ಫೋನ್ ಮಾಡಿ ಪೂರ್ತಿ ಕೇಳುತ್ತಿದ್ದೆ. ಶಿಡ್ಲಘಟ್ಟದವರಿಗೂ ಆರು ತಿಂಗಳ ಮೇಲೆ ಅರ್ಧ ಬೆಲೆಗೆ ಸಿಕ್ಕಿತು.

ಗೌರಿಬಿದನೂರಿನ ಆಪರೇಟರಿಗೆ ಇದನ್ನು ಹೇಳಿದಾಗ ಅವರು ಬಹಳ ನಕ್ಕರು. ಕೈಯಲ್ಲಿ ಇರೋದನ್ನೇ ದುಡ್ಡು ಕೊಟ್ಟು ಕೊಂಡವರನ್ನ ಇದೇ ಮೊದಲು ನೋಡ್ತಿರೋದು ಎಂದರು. ಆ ಬೆಲೆ ಅನ್ಯಾಯ ಎಂದು ಆಗಲೂ ಅನ್ನಿಸುತ್ತಿತ್ತು, ಈಗಲೂ ಅನ್ನಿಸುತ್ತದೆ. ಕೆಲಸ ಕೈಬಿಟ್ಟುಹೋಗುತ್ತಿರುವಾಗ ಸಿ.ಡಿ. ಮತ್ತೆ ಕೈಗೆ ಬಂದರೆ ಬಹುಶಃ ಮತ್ತೆ ಹಾಕಿ ಎಂದೇ ಅನ್ನುತ್ತೇನೆ. ಆದರೆ ಅದನ್ನು ಡೀಲರಿಗೆ ಮೊದಲ ಫೋನಿನಲ್ಲೇ ಹೇಳಿಬಿಡುತ್ತೇನೆ.

ಅದಾದ ಎರಡು ವರ್ಷಕ್ಕೆ ಪುಕ್ಕಟೆಯದೊಂದು ಬಂತು. ಕಣ್ಣಿಲ್ಲದವರೇ ಸೇರಿ ಮಾಡಿ ಯಾರು ಬೇಕಾದರೂ ಹಾಕಿಕೊಳ್ಳಲಿ ಎಂದು ಬಿಟ್ಟದ್ದು. ಮೊದಮೊದಲು ಅದರ ದನಿ ತಗಡು ಉಜ್ಜಿದ ಹಾಗಿತ್ತು, ಕೆಲಸ ಮಾತ್ರ ನಡೆಯುತ್ತಿತ್ತು. ಅದರ ಸುದ್ದಿ ನನಗೆ ಹೇಳಿದವರೂ ಡೀಲರೇ. ಡೀಲರ್‌ಶಿಪ್ ಬಿಟ್ಟೆ ಮೇಡಂ, ಕೊಳ್ಳೋರು ಮೊದಲೇ ಇರಲಿಲ್ಲ, ಈಗ ಕಾಪಿ ಮಾಡೋರೂ ಇಲ್ಲ ಎಂದರು. ಇನ್ನು ಕಲಿಸುವುದನ್ನೇ ಕೆಲಸ ಮಾಡಿಕೊಳ್ಳಬೇಕೆಂದಿದ್ದರು.

ಅಷ್ಟರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗಿತ್ತು. ಎಲ್ಲ ಕಡೆಯವರಿಗೂ ಬಸ್ಸು ಅನುಕೂಲವೆಂದು ಅಲ್ಲಿ ಪರಿಚಯದವರ ಶಾಲೆಯೊಂದರ ಕೋಣೆಯನ್ನು ಭಾನುವಾರಗಳಿಗೆ ಕೇಳಿ ಪಡೆದೆ. ಡೀಲರ್ ಬಂದು ಕಲಿಸುವುದು, ಜನ ಸೇರಿಸುವುದು ನಾನು ಮತ್ತು ಆಪರೇಟರ್. ಶುಲ್ಕ ಎಷ್ಟಿಡಬೇಕು ಎಂದು ಮಾತಾಡಲು ಮೂವರೂ ಆ ಕೋಣೆಯಲ್ಲೇ ಕೂತೆವು. ಸಂಬಳ ಇರುವವರು ಕೊಡಲಿ, ಇಲ್ಲದವರಿಗೆ ಪುಕ್ಕಟೆ ಎಂದೆ ನಾನು.

“ಅದಾಗಲ್ಲ ಮೇಡಂ,” ಎಂದರು ಆಪರೇಟರ್. ಆ ಸಲ ನಗಲಿಲ್ಲ. “ಎಲ್ರಿಗೂ ಒಂದೇ ರೇಟಿಡಿ. ಇಲ್ಲಾಂದ್ರೆ ಸಂಬಳ ಇರೋರೂ ಇಲ್ಲ ಅಂತಾರೆ. ನಮ್ಮೋರು ನನಗೆ ಗೊತ್ತಿಲ್ವಾ?”

ಡೀಲರ್ ಜೋರಾಗಿ ನಕ್ಕುಬಿಟ್ಟರು. ನನಗೂ ನಗು ತಡೆಯಲಾಗಲಿಲ್ಲ, ಕಂಪನಿ ನನಗೆ ಬರೆದದ್ದೂ ಇದೇ ಮಾತು. ಆಪರೇಟರಿಗೆ ಯಾಕೆಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಒಂದು ಗಂಟೆ ಚರ್ಚೆ ಮಾಡಿದ ಮೇಲೆ, ಸಣ್ಣದೊಂದು ಶುಲ್ಕ ಇಟ್ಟು, ಆಗದವರು ಆಗಲ್ಲ ಎಂದರೆ ಕಾರಣ ಕೇಳುವುದು ಬೇಡ ಎಂದು ತೀರ್ಮಾನಿಸಿದೆವು. ಆಪರೇಟರ್ ಕೊನೆಯವರೆಗೂ ಒಪ್ಪಲಿಲ್ಲ, ಆದರೆ ಮೊದಲ ಶುಲ್ಕ ಅವರೇ ಕೊಟ್ಟರು.

ಮೊದಲ ಭಾನುವಾರ ಒಂಬತ್ತು ಜನ ಬಂದರು. ಅಲೀಪುರದಿಂದ ಒಬ್ಬ ತಾಯಿ ತನ್ನ ಮಗಳ ಕೈ ಹಿಡಿದುಕೊಂಡು ಬಂದಿದ್ದಳು. ಕೆಲವರು ಶುಲ್ಕ ಕೊಟ್ಟರು, ಕೆಲವರು ಮುಂದಿನ ವಾರ ಎಂದರು. ಅವರಲ್ಲಿ ಒಬ್ಬರು ನಿವೃತ್ತ ಅಧಿಕಾರಿ. ಮುಂದಿನ ವಾರವೂ ಅವರು ಮುಂದಿನ ವಾರ ಎಂದೇ ಹೇಳಿದರು. ನಾವು ಕಾರಣ ಕೇಳಲಿಲ್ಲ. ತರಗತಿ ನಾಲ್ಕು ವರ್ಷ ನಡೆಯಿತು.